ಕಥೆಯ ಎರಡನೆಯ ಭಾಗ



ಮಕ್ಕಳಿಗೆ ಕಥೆ ಹೇಳುವ ಅಜ್ಜಿಯಂದಿರಿಗೂ ತಾಯಂದಿರಿಗೂ ಒಂದು ಪ್ರಶ್ನೆ ಚೆನ್ನಾಗಿ ಗೊತ್ತು. ಕಳೆದುಹೋದ ಹುಡುಗಿ ಮನೆ ಸೇರಿದಳು, ಎಲ್ಲರೂ ಸುಖವಾಗಿದ್ದರು ಎಂದು ಹೇಳಿ ದೀಪ ಆರಿಸುವಷ್ಟರಲ್ಲಿ ಕತ್ತಲೆಯೊಳಗಿಂದ ಆ ಪ್ರಶ್ನೆ ಬರುತ್ತದೆ: ‘ಆಮೇಲೆ ಏನಾಯಿತು?’ ಭಟ್ಕಳದಲ್ಲಾಗಲಿ, ಹೊನ್ನಾವರದಲ್ಲಾಗಲಿ, ಕುಮಟಾದಲ್ಲಾಗಲಿ, ಜೂನ್-ಜುಲೈ ತಿಂಗಳ ಮಳೆ ಹಿಡಿದು, ಯಾಂತ್ರಿಕ ದೋಣಿಗಳು ಮೀನುಗಾರಿಕೆ ನಿಷೇಧದ 61 ದಿನ ದಡ ಸೇರಿರುವಾಗ, ಕರೆಂಟು ಹೋದ ರಾತ್ರಿಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಕೇಳಿಬರುತ್ತದೆ. ನಿದ್ದೆಗಣ್ಣಿನಲ್ಲಿ ನಾವು ‘ಆಮೇಲೆ ಏನೂ ಇಲ್ಲ, ಮಲಗು’ ಎಂದು ಹೇಳಿ ಮುಗಿಸುತ್ತೇವೆ. ಆದರೆ ಮಗು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಒಳ್ಳೆಯವಳಾಗಿದ್ದ ಆ ಹುಡುಗಿ ದೊಡ್ಡವಳಾದ ಮೇಲೂ ಒಳ್ಳೆಯವಳಾಗಿ ಉಳಿದಳೇ? ಅವಳಿಗೆ ಸಿಕ್ಕಿದ ಸಂತೋಷ ಉಳಿಯಿತೇ? ಮಗು ತಿಳಿಯಬಯಸುವುದು ಇದನ್ನೇ.

ಜಗತ್ತಿನ ಹೆಸರಾಂತ ಮಕ್ಕಳ ಕಾದಂಬರಿಗಳಿಗೆ ಎರಡನೆಯ ಭಾಗಗಳು ಹುಟ್ಟಿದ್ದಕ್ಕೆ ಈ ಪ್ರಶ್ನೆಯೇ ದೊಡ್ಡ ಕಾರಣ. ಅಮೆರಿಕದ ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ನಾಲ್ವರು ಅಕ್ಕತಂಗಿಯರ ಕಥೆಯಾದ ‘ಲಿಟ್ಲ್ ವಿಮೆನ್’ ಬರೆದಾಗ, ಮುಂದೇನಾಯಿತು ಎಂದು ಕೇಳಿ ಹುಡುಗಿಯರು ಪತ್ರ ಬರೆದರು. ಮರುವರ್ಷವೇ ಎರಡನೆಯ ಭಾಗ ಬಂತು. ಸ್ವಿಟ್ಜರ್‌ಲೆಂಡಿನ ಯೊಹಾನ್ನಾ ಸ್ಪೀರಿಯವರ ‘ಹೈಡಿ’ 1880ರಲ್ಲಿ ಬಂದರೆ, ಅದರ ಮುಂದಿನ ಭಾಗ 1881ರಲ್ಲಿ ಬಂತು. ಕೆನಡಾದ ಲೂಸಿ ಮಾಡ್ ಮಾಂಟ್ಗೊಮರಿಯವರ ‘ಆನ್ ಆಫ್ ಗ್ರೀನ್ ಗೇಬಲ್ಸ್’ 1908ರದು, ಮುಂದುವರಿದ ಕಥೆ 1909ರದು. ಎಲೀನರ್ ಪೋರ್ಟರ್ ಅವರ ‘ಪಾಲಿಯಾನಾ’ 1913ರದು, ಅದರ ಎರಡನೆಯ ಭಾಗ 1915ರದು. ಇವುಗಳಲ್ಲಿ ಹೆಚ್ಚಿನವು ತಾಯಿತಂದೆಯರನ್ನು ಕಳೆದುಕೊಂಡ ಹೆಣ್ಣುಮಕ್ಕಳ ಕಥೆಗಳು. ಶತಮಾನ ಕಳೆದರೂ ಇವು ಅಚ್ಚಾಗುತ್ತಲೇ ಇವೆ, ಚಲನಚಿತ್ರಗಳಾಗುತ್ತಲೇ ಇವೆ. ಯಾವ ಆಕರ್ಷಣೆ ಇವುಗಳನ್ನು ಉಳಿಸಿದೆ? ಕ್ರೈಸ್ತ ಕುಟುಂಬಗಳಾದ ನಮಗೆ ಇದರಿಂದ ಕಲಿಯಲು ಏನಿದೆ?

ಸಂತ ಲೂಕನ ಎರಡು ಗ್ರಂಥಗಳು

ಪವಿತ್ರ ಗ್ರಂಥದಲ್ಲಿಯೇ ಇಂತಹ ಎರಡನೆಯ ಭಾಗವೊಂದಿದೆ ಎಂಬುದನ್ನು ನಾವು ಅನೇಕ ವೇಳೆ ಗಮನಿಸುವುದಿಲ್ಲ. ಸಂತ ಲೂಕನು ಥೆಯೋಫಿಲನನ್ನು ಉದ್ದೇಶಿಸಿ ಶುಭಸಂದೇಶವನ್ನು ಬರೆದನು. ಅದೇ ಥೆಯೋಫಿಲನಿಗೆ ‘ಪ್ರೇಷಿತರ ಕಾರ್ಯಕಲಾಪಗಳು’ ಎಂಬ ಗ್ರಂಥವನ್ನೂ ಬರೆದನು. ಅದರ ಮೊದಲ ಸಾಲಿನಲ್ಲೇ ತನ್ನ ಹಿಂದಿನ ಗ್ರಂಥವನ್ನು ನೆನಪಿಸುತ್ತಾನೆ. ಶುಭಸಂದೇಶ ಮುಗಿಯುವುದು ಆನಂದದಲ್ಲಿ. ಯೇಸುಸ್ವಾಮಿ ಸ್ವರ್ಗಾರೋಹಣವಾದ ಮೇಲೆ ಶಿಷ್ಯರು ಮಹದಾನಂದದಿಂದ ಜೆರುಸಲೇಮಿಗೆ ಹಿಂದಿರುಗುತ್ತಾರೆ.

ಲೂಕನು ಅಲ್ಲಿಯೇ ಲೇಖನಿ ಕೆಳಗಿಟ್ಟಿದ್ದರೆ ನಮಗೆ ಒಂದು ಸುಂದರ ಮುಕ್ತಾಯ ದೊರೆಯುತ್ತಿತ್ತು. ಆದರೆ ಆ ಆನಂದಕ್ಕೆ ಮುಂದೆ ಏನಾಯಿತು ಎಂದು ಅವನು ಹೇಳಲೇಬೇಕಾಗಿತ್ತು. ಎರಡನೆಯ ಗ್ರಂಥದಲ್ಲಿ ಸ್ತೇಫನನನ್ನು ಕಲ್ಲೆಸೆದು ಕೊಲ್ಲುತ್ತಾರೆ, ಯಕೋಬನು ಕತ್ತಿಗೆ ಬಲಿಯಾಗುತ್ತಾನೆ, ಪೌಲನ ಹಡಗು ಒಡೆಯುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಮತ್ತು ಸೀಲರು ಏಟು ತಿಂದ ಮೈಯಲ್ಲಿ, ಕೋಳ ಹಾಕಿದ ಕಾಲುಗಳಲ್ಲಿ, ನಡುರಾತ್ರಿ ದೇವರ ಸ್ತುತಿ ಹಾಡುತ್ತಾರೆ. ಮೊದಲನೆಯ ಗ್ರಂಥದ ಕೊನೆಯ ಆನಂದ ನಿಜವಾದದ್ದೇ ಎಂದು ನಮಗೆ ಗೊತ್ತಾಗುವುದು ಎರಡನೆಯ ಗ್ರಂಥದ ಈ ಸೆರೆಮನೆಯಲ್ಲಿ.

ಕಲಿತದ್ದನ್ನು ಬಳಸುವ ಕಾಲ

ಇದೇ ಬೆಳಕಿನಲ್ಲಿ ಹೈಡಿಯ ಕಥೆಯನ್ನು ನೋಡೋಣ. ಐದು ವರ್ಷದ ಅನಾಥೆ ಹೈಡಿಯನ್ನು ಅವಳ ಚಿಕ್ಕಮ್ಮ ಆಲ್ಪ್ಸ್ ಪರ್ವತದಲ್ಲಿ ಒಂಟಿಯಾಗಿ ಬದುಕುವ ಅಜ್ಜನ ಬಳಿ ಬಿಟ್ಟುಹೋಗುತ್ತಾಳೆ. ಆ ಅಜ್ಜ ಊರಿನವರೊಡನೆಯೂ ದೇವರೊಡನೆಯೂ ಮಾತು ಬಿಟ್ಟವನು. ದೇವಾಲಯದ ಕಡೆ ತಲೆ ಹಾಕದವನು. ಕೆಲವು ವರ್ಷಗಳ ಬಳಿಕ ಹೈಡಿಯನ್ನು ಫ್ರಾಂಕ್‌ಫರ್ಟ್ ನಗರಕ್ಕೆ, ಗಾಲಿಕುರ್ಚಿಯಲ್ಲೇ ದಿನ ಕಳೆಯುವ ಕ್ಲಾರಾ ಎಂಬ ಹುಡುಗಿಯ ಜೊತೆಗಾತಿಯಾಗಿ ಕರೆದೊಯ್ಯುತ್ತಾರೆ. ಅಲ್ಲಿ ಕ್ಲಾರಾಳ ಅಜ್ಜಿ ಹೈಡಿಗೆ ಓದಲೂ ಪ್ರಾರ್ಥಿಸಲೂ ಕಲಿಸುತ್ತಾಳೆ. ಪ್ರಾರ್ಥಿಸಿದರೂ ಮನೆಗೆ ಹೋಗಲಾಗಲಿಲ್ಲವೆಂದು ಹೈಡಿ ಪ್ರಾರ್ಥನೆಯನ್ನೇ ಬಿಟ್ಟಾಗ, ದೇವರಿಗೆ ತನ್ನದೇ ಆದ ಸಮಯವಿದೆ ಎಂದು ತಾಳ್ಮೆಯಿಂದ ತಿಳಿಹೇಳುತ್ತಾಳೆ. ಕೊನೆಗೆ ಹೈಡಿ ಬೆಟ್ಟಕ್ಕೆ ಮರಳಿ, ದುಂದುಗಾರ ಮಗನ ಸಾಮತಿಯನ್ನು ಅಜ್ಜನಿಗೆ ಓದಿಹೇಳುತ್ತಾಳೆ. ಆ ರಾತ್ರಿ ಮಗು ನಿದ್ರಿಸುತ್ತಿರುವಾಗ ಮುದುಕನು ಎಷ್ಟೋ ವರ್ಷಗಳ ಮೇಲೆ ಕೈಜೋಡಿಸಿ ಪ್ರಾರ್ಥಿಸುತ್ತಾನೆ. ಮರುದಿನ ಭಾನುವಾರ, ಅವನು ಮೊಮ್ಮಗಳ ಕೈಹಿಡಿದು ದೇವಾಲಯಕ್ಕೆ ಇಳಿದು ಬರುತ್ತಾನೆ. ಮೊದಲ ಭಾಗ ಇಲ್ಲಿಗೆ ಮುಗಿಯುತ್ತದೆ.

ಎರಡನೆಯ ಭಾಗಕ್ಕೆ ಸ್ಪೀರಿಯವರು ಇಟ್ಟ ಹೆಸರಿನ ಅರ್ಥ, ಹೈಡಿ ತಾನು ಕಲಿತದ್ದನ್ನು ಬಳಸಬಲ್ಲಳು ಎಂದು. ಎಂತಹ ಹೆಸರು! ಒಬ್ಬಳೇ ಮಗಳನ್ನು ಕಳೆದುಕೊಂಡು ಕುಗ್ಗಿದ ವೈದ್ಯರೊಬ್ಬರು ಬೆಟ್ಟಕ್ಕೆ ಬರುತ್ತಾರೆ. ಪ್ರಾರ್ಥನೆಗೆ ಉತ್ತರ ಬಾರದ ದಿನಗಳ ನೋವನ್ನು ತಾನೇ ಉಂಡಿದ್ದ ಹೈಡಿ, ಅಂದು ಕಲಿತದ್ದರಿಂದಲೇ ಅವರಿಗೆ ಸಾಂತ್ವನ ಹೇಳುತ್ತಾಳೆ. ಕ್ಲಾರಾ ಬೆಟ್ಟಕ್ಕೆ ಬಂದು ನಡೆಯಲು ಕಲಿಯುವುದೂ ಈ ಭಾಗದಲ್ಲೇ. ಮೊದಲ ಭಾಗದಲ್ಲಿ ಪಡೆದದ್ದನ್ನು ಎರಡನೆಯ ಭಾಗದಲ್ಲಿ ಕೊಡುತ್ತಾಳೆ. ನಮ್ಮ ಮಕ್ಕಳ ಧರ್ಮೋಪದೇಶದ ಗುರಿಯೂ ಇದೇ ಅಲ್ಲವೇ? ಹತ್ತು ಕಟ್ಟಳೆಗಳನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಗೆದ್ದ ದಿನ ಮೊದಲ ಭಾಗ ಮುಗಿಯುತ್ತದೆ, ಅಷ್ಟೇ.

ಸಂತೋಷದ ಆಟ ಸೋತಾಗ

ಇಂತಹ ಪುಸ್ತಕಗಳ ಮೇಲೆ ಒಂದು ಆಕ್ಷೇಪಣೆ ಇದೆ. ಇವು ತೀರ ಸಿಹಿ, ಬದುಕು ಹೀಗಿರುವುದಿಲ್ಲ ಎನ್ನುತ್ತಾರೆ. ಪಾಲಿಯಾನಾ ಎಂಬ ಹೆಸರಂತೂ ಇಂಗ್ಲಿಷಿನಲ್ಲಿ ಕಷ್ಟವನ್ನು ಕಂಡೂ ಕಾಣದಂತೆ ನಗುವವರನ್ನು ಗೇಲಿಮಾಡುವ ಪದವೇ ಆಗಿಬಿಟ್ಟಿದೆ. ಪುಸ್ತಕವನ್ನು ಕೊನೆಯವರೆಗೆ ಓದಿದವರು ಹೀಗೆ ಗೇಲಿಮಾಡಲಾರರು.

ಪಾಲಿಯಾನಾಳ ತಂದೆ ಬಡ ಧರ್ಮಬೋಧಕ. ಮಗಳು ಗೊಂಬೆಯೊಂದನ್ನು ಬಯಸಿದ್ದಳು. ದಾನದ ಪೆಟ್ಟಿಗೆಯಲ್ಲಿ ಬಂದದ್ದು ಕುಂಟರು ಊರಿ ನಡೆಯುವ ಊರುಗೋಲು. ತಂದೆ ಅವಳಿಗೆ ಒಂದು ಆಟ ಕಲಿಸಿದರು: ಪ್ರತಿಯೊಂದರಲ್ಲೂ ಸಂತೋಷಪಡಲು ಏನಾದರೂ ಹುಡುಕಬೇಕು. ಊರುಗೋಲು ಬಂದರೇನು, ಅದು ನಮಗೆ ಬೇಕಾಗಿಲ್ಲವಲ್ಲ, ಅದೇ ಸಂತೋಷ. ಅನಾಥೆಯಾಗಿ, ಕಠಿಣ ಸ್ವಭಾವದ ಪಾಲಿ ಚಿಕ್ಕಮ್ಮನ ಮನೆಗೆ ಬಂದ ಈ ಹನ್ನೊಂದು ವರ್ಷದ ಹುಡುಗಿ ಇಡೀ ಊರಿಗೇ ಆ ಆಟ ಕಲಿಸುತ್ತಾಳೆ. ಆಮೇಲೆ ಮೋಟಾರು ಕಾರಿನ ಅಪಘಾತವಾಗಿ ಅವಳ ಕಾಲುಗಳು ಬಲಹೀನವಾಗುತ್ತವೆ. ಇನ್ನೆಂದೂ ನಡೆಯಲಾರಳೆಂದು ವೈದ್ಯರು ಹೇಳಿದ್ದು ಅವಳ ಕಿವಿಗೆ ಬೀಳುತ್ತದೆ. ಆಗ ಪಾಲಿಯಾನಾಗೆ ಆಟ ಆಡಲಾಗುವುದಿಲ್ಲ. ಬೇರೆಯವರಿಗೆ ಹೇಳುವುದು ಸುಲಭ, ತನಗೇ ಬಂದಾಗ ಹಾಗಲ್ಲ ಎಂದು ಅವಳಿಗೆ ತಿಳಿಯುತ್ತದೆ.

ಪ್ರಿಯರೇ, ಈ ಪುಸ್ತಕದ ಹೃದಯ ಇರುವುದು ಇಲ್ಲಿ. ಅವಳ ಸಂತೋಷ ಬತ್ತಿದಾಗ ಊರಿನವರು ಒಬ್ಬೊಬ್ಬರಾಗಿ ಮನೆಬಾಗಿಲಿಗೆ ಬರುತ್ತಾರೆ. ನೀನು ಕಲಿಸಿದ್ದರಿಂದ ನಮ್ಮ ಮನೆ ಹೀಗೆ ಬದಲಾಯಿತು ಎಂದು ಹೇಳಿ ಕಳುಹಿಸುತ್ತಾರೆ. ಅವಳು ಹಂಚಿದ್ದನ್ನೇ ಅವರು ಅವಳಿಗೆ ಹಿಂದಿರುಗಿಸುತ್ತಾರೆ. ಕೊನೆಗೆ ಚಿಕಿತ್ಸೆ ಫಲಿಸಿ ಅವಳು ಕೆಲವು ಹೆಜ್ಜೆ ನಡೆಯುತ್ತಾಳೆ. ಎರಡನೆಯ ಭಾಗದಲ್ಲಿ ಬದುಕು ಮತ್ತೆ ಬಿಗಡಾಯಿಸುತ್ತದೆ. ಚಿಕ್ಕಮ್ಮ ವಿಧವೆಯಾಗುತ್ತಾಳೆ, ಹಣ ಕರಗುತ್ತದೆ, ಹಳೆಯ ಕಹಿ ಮರಳುತ್ತದೆ. ಇಪ್ಪತ್ತು ವರ್ಷದ ಪಾಲಿಯಾನಾ ಮೊದಲು ಗೆದ್ದ ಅದೇ ಹೃದಯವನ್ನು ಇನ್ನೊಮ್ಮೆ ಗೆಲ್ಲಬೇಕಾಗುತ್ತದೆ. ಗಂಡನ ಕೋಪವನ್ನೋ, ಅತ್ತೆಯ ಬೇಸರವನ್ನೋ ಒಮ್ಮೆ ಗೆದ್ದರೆ ಮುಗಿಯುವುದಿಲ್ಲ, ಅದು ದಿನದಿನದ ಕೆಲಸ ಎಂದು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದರಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಬಲೆ ಖಾಲಿ ಬಂದ ಮನೆಗೆ, ಕ್ಯಾನ್ಸರ್ ಕಂಡ ಮನೆಗೆ, ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಮನೆಗೆ ಹೋಗಿ, ‘ಎಲ್ಲ ದೇವರ ಚಿತ್ತ, ಸಂತೋಷವಾಗಿರಿ’ ಎಂದಷ್ಟೇ ಹೇಳಿ ಬರುವುದು ಕ್ರೈಸ್ತ ಸಾಂತ್ವನವಲ್ಲ. ಹಸಿದವನಿಗೆ ಅನ್ನ ಕೊಡದೆ ಶುಭ ಹಾರೈಸಿ ಕಳುಹಿಸಿದರೆ ಏನು ಪ್ರಯೋಜನ ಎಂದು ಸಂತ ಯಕೋಬನ ಪತ್ರ ಕೇಳುತ್ತದೆ. ಅಳುವವರೊಡನೆ ಅಳಬೇಕೆಂದು ಸಂತ ಪೌಲನು ರೋಮನರಿಗೆ ಬರೆದನು. ಆನಂದದ ವಿಷಯವಾಗಿ ಪದೇ ಪದೇ ಮಾತಾಡುವ ಫಿಲಿಪ್ಪಿಯರ ಪತ್ರವನ್ನು ಅವನು ಬರೆದದ್ದು ಸೆರೆಯಲ್ಲಿದ್ದುಕೊಂಡು. ಕಣ್ಣೀರನ್ನು ಬಲ್ಲ ಆನಂದಕ್ಕೆ ಮಾತ್ರ ಇನ್ನೊಬ್ಬರ ಬಾಗಿಲು ತಟ್ಟುವ ಹಕ್ಕಿದೆ.

ತಂದೆ ದೂರದಲ್ಲಿರುವ ಮನೆ

‘ಲಿಟ್ಲ್ ವಿಮೆನ್’ ಕಾದಂಬರಿ ಆರಂಭವಾಗುವಾಗ ಮನೆಯಲ್ಲಿ ತಂದೆ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರ ಆತ್ಮಪಾಲಕರಾಗಿ ಅವರು ದೂರ ಹೋಗಿದ್ದಾರೆ. ತಾಯಿಯೂ ಮೆಗ್, ಜೋ, ಬೆತ್, ಏಮಿ ಎಂಬ ನಾಲ್ವರು ಹೆಣ್ಣುಮಕ್ಕಳೂ ಅವರ ಪತ್ರಕ್ಕಾಗಿ ಕಾಯುತ್ತಾರೆ. ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಈ ಮನೆ ಯಾರಿಗೆ ಅಪರಿಚಿತ? ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ತಂದೆ, ಹಡಗಿನಲ್ಲಿರುವ ತಂದೆ, ಮುಂಬಯಿ-ಗೋವೆಗಳಲ್ಲಿ ಕೆಲಸದಲ್ಲಿರುವ ತಂದೆ. ಹಿಂದೆ ಪತ್ರ ಬರುತ್ತಿತ್ತು. ಈಗ ಮೊಬೈಲಿನಲ್ಲಿ ಮುಖವೇ ಬರುತ್ತದೆ. ಆದರೂ ಮಗುವಿಗೆ ಜ್ವರ ಬಂದ ರಾತ್ರಿ ತಾಯಿ ಒಬ್ಬಳೇ.

ಆ ಕಥೆಯ ತಾಯಿ ಏನು ಮಾಡಿದಳು? ಕ್ರಿಸ್ಮಸ್ ದಿನದ ಬೆಳಗಿನ ಊಟವನ್ನೇ ಮಕ್ಕಳೊಡನೆ ಹೊತ್ತುಕೊಂಡು ಹೋಗಿ ಹಸಿದ ಬಡ ಕುಟುಂಬವೊಂದಕ್ಕೆ ಕೊಟ್ಟಳು. ಮುಂದೊಂದು ದಿನ ಅದೇ ಬಡವರ ಮನೆಯ ಮಗುವನ್ನು ನೋಡಿಕೊಳ್ಳಲು ಹೋದ ಬೆತ್‌ಗೆ ಜ್ವರ ತಗಲುತ್ತದೆ. ಮೊದಲ ಭಾಗದಲ್ಲಿ ಬೆತ್ ಬದುಕಿ ಉಳಿಯುತ್ತಾಳೆ, ತಂದೆ ಮನೆಗೆ ಬರುತ್ತಾರೆ. ಎರಡನೆಯ ಭಾಗದಲ್ಲಿ ಬೆತ್ ತೀರಿಕೊಳ್ಳುತ್ತಾಳೆ. ಆಲ್ಕಾಟ್ ಅವರ ಸ್ವಂತ ತಂಗಿ ಎಲಿಜಬೆತ್ 1858ರಲ್ಲಿ ತೀರಿಕೊಂಡಿದ್ದಳು. ಆ ದುಃಖವನ್ನು ಅವರು ಪುಸ್ತಕದಲ್ಲಿ ಮುಚ್ಚಿಡಲಿಲ್ಲ. ಪ್ರೀತಿಸಿದರೆ ಬೆಲೆ ತೆರಬೇಕಾಗಬಹುದು, ಆದರೂ ಪ್ರೀತಿ ವ್ಯರ್ಥವಲ್ಲ ಎಂಬುದನ್ನು ಹನ್ನೆರಡು ವರ್ಷದ ಓದುಗಳಿಗೂ ಅರ್ಥವಾಗುವಂತೆ ಬರೆದರು. ಮುಂದಿನ ಭಾಗಗಳಲ್ಲಿ, 1871 ಮತ್ತು 1886ರಲ್ಲಿ, ಸಿಡುಕಿಯಾಗಿದ್ದ ಜೋ ದಿಕ್ಕಿಲ್ಲದ ಹುಡುಗರಿಗೆ ಶಾಲೆ ತೆರೆದು ತಾಯಿಯಾಗುತ್ತಾಳೆ.

ಆ ನಾಲ್ವರು ಅಕ್ಕತಂಗಿಯರು ತಮ್ಮ ಬಾಳಿಗೆ ಮಾದರಿಯಾಗಿ ಇಟ್ಟುಕೊಂಡದ್ದು ಜಾನ್ ಬನ್ಯನ್ ಬರೆದ ಯಾತ್ರಿಕನ ಕಥೆ. ಬನ್ಯನ್ ನಮ್ಮ ಧರ್ಮಸಭೆಯವರಲ್ಲ. ಆದರೂ ಅವರ ಆ ಗ್ರಂಥ 19ನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿತ್ತು. 1678ರ ಮೊದಲ ಭಾಗದಲ್ಲಿ ಯಾತ್ರಿಕನು ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬನೇ ಸ್ವರ್ಗದ ನಗರಕ್ಕೆ ಹೊರಡುತ್ತಾನೆ. ಆ ಹೆಂಡತಿ ಮಕ್ಕಳ ಗತಿ ಏನಾಯಿತು? 1684ರ ಎರಡನೆಯ ಭಾಗದಲ್ಲಿ ಹೆಂಡತಿಯೂ ನಾಲ್ವರು ಗಂಡುಮಕ್ಕಳೂ ಅದೇ ದಾರಿ ಹಿಡಿದು ಹೊರಡುತ್ತಾರೆ. ಮನೆಯಲ್ಲಿ ಉಳಿದವರ ಯಾತ್ರೆಯೂ ಯಾತ್ರೆಯೇ. ದೂರದ ಗಂಡನಿಗಾಗಿ ಜಪಸರ ಹಿಡಿದು ಕೂತ ಹೆಂಡತಿ ನೆನಪಿಟ್ಟುಕೊಳ್ಳಬೇಕಾದ ಮಾತಿದು.

ನಮ್ಮ ನೆಲದ ಕಥೆಗಳು

ಇವೆಲ್ಲ ಪರದೇಶದ ಕಥೆಗಳು, ನಮಗೇಕೆ ಎಂದು ಕೇಳುವವರೂ ಇದ್ದಾರೆ. ಹಾಗಾದರೆ ಹೊನ್ನಾವರ ತಾಲ್ಲೂಕಿನಲ್ಲಿ ಹುಟ್ಟಿದ ಶಂಕರ್ ನಾಗ್ ಅವರನ್ನು ನೆನೆಯೋಣ. ಆರ್. ಕೆ. ನಾರಾಯಣ್ ಅವರು 1935ರಲ್ಲಿ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಥೆಯನ್ನು ಅವರು 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ, ಆಗುಂಬೆಯ ಮಳೆಯ ನಡುವೆ ಚಿತ್ರಿಸಿ ದೇಶಕ್ಕೆಲ್ಲ ತೋರಿಸಿದರು. ಅದರ ಕೊನೆಯಲ್ಲಿ ಸ್ವಾಮಿ ತನ್ನ ಮೇಲೆ ಮುನಿಸಿಕೊಂಡ ಗೆಳೆಯ ರಾಜಂಗೆ ರೈಲ್ವೆ ನಿಲ್ದಾಣದಲ್ಲಿ ಒಂದು ಪುಸ್ತಕ ಕೊಡುತ್ತಾನೆ. ಅದೂ ಮಕ್ಕಳ ಕಥೆಗಳ ಪುಸ್ತಕವೇ. ರೈಲು ಹೊರಡುತ್ತದೆ. ಗೆಳೆಯ ಕ್ಷಮಿಸಿದನೇ ಇಲ್ಲವೇ, ಪತ್ರ ಬರೆಯುತ್ತಾನೆಯೇ, ಗೊತ್ತಿಲ್ಲ. ನೋಡಿದ ಪ್ರತಿ ಮಗುವೂ ಅಲ್ಲಿ ಕೇಳುವುದು ‘ಆಮೇಲೆ?’ ಎಂದೇ. ಕ್ಷಮೆ ಕೇಳಬೇಕಾದ ಗೆಳೆಯನಿದ್ದರೆ ಆ ಉತ್ತರವನ್ನು ನೀನೇ ಬರೆ ಎಂದು ನಾವು ಮಗುವಿಗೆ ಹೇಳಬಹುದು.

ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಬರೆದ ‘ತೊತ್ತೊ-ಚಾನ್’ ಕನ್ನಡದಲ್ಲೂ ದೊರೆಯುತ್ತದೆ. ಅದು ಕಾದಂಬರಿಯಲ್ಲ, ಅವರ ಸ್ವಂತ ಬಾಲ್ಯ. ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿಯ ಮಾತನ್ನು ಹೊಸ ಶಾಲೆಯ ಮುಖ್ಯೋಪಾಧ್ಯಾಯರು ಮೊದಲ ದಿನವೇ ನಾಲ್ಕು ಗಂಟೆ ಕೂತು ಕೇಳಿದರು. ನೀನು ನಿಜವಾಗಿ ಒಳ್ಳೆಯ ಹುಡುಗಿ ಎಂಬ ಭರವಸೆಯನ್ನು ಅವಳ ಮನಸ್ಸಿನಲ್ಲಿ ನಾಟಿದರು. ರೈಲುಬೋಗಿಗಳಲ್ಲಿ ನಡೆಯುತ್ತಿದ್ದ ಆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಹುಡುಗಿಗೆ ಆಮೇಲೆ ಏನಾಯಿತು? ಆಕೆ 1984ರಲ್ಲಿ ಯುನಿಸೆಫ್ ರಾಯಭಾರಿಯಾಗಿ, ಹಸಿದ ಮಕ್ಕಳನ್ನು ಕಾಣಲು ದೇಶ ದೇಶ ಸುತ್ತಿದರು. 42 ವರ್ಷಗಳ ಬಳಿಕ, 2023ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಎರಡನೆಯ ಭಾಗ ಬರೆದರು. ಒಬ್ಬ ಗುರು ನಾಲ್ಕು ಗಂಟೆ ಕಿವಿಗೊಟ್ಟದ್ದರ ಫಲ ಎಷ್ಟು ವರ್ಷ ನಡೆಯಿತು ನೋಡಿ. ದಿನಕ್ಕೆ ನಾಲ್ಕು ನಿಮಿಷವಾದರೂ ನಮ್ಮ ಮಕ್ಕಳ ಮಾತಿಗೆ ನಾವು ಕಿವಿಗೊಡುತ್ತೇವೆಯೇ?

ಪುಸ್ತಕಕ್ಕೆ ಹಣವೆಲ್ಲಿ ಎನ್ನುವವರಿಗೆ ಒಂದು ಮಾತು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ತೆರೆಯಿತು. ಕನ್ನಡದಲ್ಲೇ ಒಳ್ಳೆಯ ಮಕ್ಕಳ ಕಾದಂಬರಿಗಳಿವೆ. ನಮ್ಮದೇ ಜಿಲ್ಲೆಯ ಸಿದ್ದಾಪುರ ಸೀಮೆಯ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ ಕಾದಂಬರಿಗೆ 2022ರ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಸಂಜೆಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಯಾರಾದರೊಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ದೂರದಲ್ಲಿರುವ ತಂದೆಯೂ ವಾರಕ್ಕೊಮ್ಮೆ ಫೋನಿನಲ್ಲಿ ಒಂದು ಅಧ್ಯಾಯ ಓದಬಹುದು.

ನಮ್ಮ ಮನೆಯ ಎರಡನೆಯ ಭಾಗ

ನಮ್ಮ ಬಹುಪಾಲು ಮನೆಗಳ ಗೋಡೆಯ ಮೇಲೆ ಒಂದು ಭಾವಚಿತ್ರವಿದೆ: ಬಿಳಿ ಉಡುಪು, ಕೈಯಲ್ಲಿ ಮೇಣದಬತ್ತಿ, ಪ್ರಥಮ ಪರಮಪ್ರಸಾದದ ದಿನ. ಆ ಮುಖದಲ್ಲಿ ಹೈಡಿಯದೇ ಹೊಳಪು. ಆಮೇಲೆ ಏನಾಯಿತು? ಹತ್ತನೆಯ ತರಗತಿಯ ಟ್ಯೂಷನ್ ಬಂತು, ಭಾನುವಾರದ ಬಲಿಪೂಜೆ ತಪ್ಪಿತು. ದೃಢೀಕರಣದ ಸಂಸ್ಕಾರ ಕೆಲವರಿಗೆ ಧರ್ಮಕೇಂದ್ರಕ್ಕೆ ಹೇಳುವ ವಿದಾಯದಂತಾಯಿತು. ಬೆಂಗಳೂರಿನ ಬಾಡಿಗೆ ಕೋಣೆಯಲ್ಲೋ ದುಬೈಯ ಶಿಬಿರದಲ್ಲೋ ಪ್ರಾರ್ಥನೆ ಮರೆಯಿತು. ಮಕ್ಕಳನ್ನು ಮಾತ್ರ ದೂರಬೇಡಿ. ಮೊದಲ ಭಾಗಕ್ಕೆ ಹೊಸ ಬಟ್ಟೆ, ಊಟ, ಫೋಟೋಗ್ರಾಫರ್ ಎಲ್ಲವನ್ನೂ ಸಿದ್ಧಮಾಡಿದ ನಾವು ಎರಡನೆಯ ಭಾಗಕ್ಕೆ ಏನು ಸಿದ್ಧಮಾಡಿದೆವು? ಆ ಮಗು ಪ್ರಾರ್ಥನೆ ಬಿಟ್ಟ ದಿನ, ಹೈಡಿಯ ಬಳಿ ಕೂತ ಅಜ್ಜಿಯಂತೆ ಅದರ ಪಕ್ಕದಲ್ಲಿ ಯಾರು ಕೂತರು? ಅದರ ಸಂತೋಷ ಬತ್ತಿದಾಗ ಧರ್ಮಕೇಂದ್ರದ ಎಷ್ಟು ಮಂದಿ ಬಾಗಿಲು ತಟ್ಟಿದರು?

ಇನ್ನೂ ತಡವಾಗಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ಗ್ರಂಥ ಮುಕ್ತಾಯದಂತೆ ಕಾಣದ ಮುಕ್ತಾಯದಲ್ಲಿ ನಿಲ್ಲುತ್ತದೆ. ಪೌಲನು ರೋಮಿನಲ್ಲಿ ಕಾವಲಿನಲ್ಲಿದ್ದುಕೊಂಡೇ ಎರಡು ವರ್ಷ ಬಂದವರನ್ನೆಲ್ಲ ಬರಮಾಡಿಕೊಂಡು ಬೋಧಿಸುತ್ತಿದ್ದಾನೆ. ಅವನಿಗೆ ಮುಂದೇನಾಯಿತೆಂದು ಲೂಕನು ಹೇಳುವುದಿಲ್ಲ. ಅಲ್ಲಿಂದ ಮುಂದಿನ ಪುಟಗಳನ್ನು ಪವಿತ್ರಾತ್ಮರು ಧರ್ಮಸಭೆಯಲ್ಲಿ, ಧರ್ಮಸಭೆಯ ಒಂದೊಂದು ಮನೆಯಲ್ಲಿ ಬರೆಯುತ್ತಿದ್ದಾರೆ. ಭಟ್ಕಳದ ಒಂದು ಅಡುಗೆಮನೆಯಲ್ಲಿ, ಹೊನ್ನಾವರದ ಒಂದು ದೋಣಿಯಲ್ಲಿ, ಕುಮಟಾದ ಒಂದು ಆಸ್ಪತ್ರೆ ಹಾಸಿಗೆಯ ಪಕ್ಕದಲ್ಲಿ ಆ ಪುಟಗಳು ಇಂದೂ ತೆರೆದಿವೆ.

ಈ ವಾರದ ಚಿಂತನೆಗೆ: ಬಾಲ್ಯದಲ್ಲಿ ನನಗೆ ಯಾರು ಪ್ರಾರ್ಥಿಸಲು ಕಲಿಸಿದರು? ಆ ಕಲಿತದ್ದನ್ನು ಈ ವಾರ ಯಾರಿಗಾಗಿ ಬಳಸಬಲ್ಲೆ? ಸಂತೋಷ ಬತ್ತಿದ ಯಾವ ಮನೆಯ ಬಾಗಿಲನ್ನು ನಾನು ತಟ್ಟಬೇಕಾಗಿದೆ?

ಮಕ್ಕಳನ್ನು ತಮ್ಮ ಬಳಿಗೆ ಬರಗೊಡಿಸಿದ ಯೇಸುಸ್ವಾಮಿ, ನಮ್ಮ ಮನೆಗಳಲ್ಲಿ ತಾವು ಆರಂಭಿಸಿದ ಒಳ್ಳೆಯ ಕಾರ್ಯವನ್ನು ತಾವೇ ಪೂರ್ಣಗೊಳಿಸಲಿ. ಆಮೆನ್.